ಹಟ್ಟಿಗೆ ಹೊರಟ ಉಣ್ಣೆಯ ಪೆಟ್ಟಿಗೆ

ಥರ್ಮಾಕೋಲ್ ಕಂಡರೆ ನನಗೆ ಮೈ ಉರಿಯುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಮುಂದಿನದೆಲ್ಲ ಶುರುವಾದದ್ದು ಈ ಸಿಟ್ಟಿನಿಂದಲೇ. ರೋಣದಲ್ಲಿ ನಮ್ಮ ಮನೆಯ ಹಿಂದಿನ ಗಟಾರದ ತುಂಬ ಅದರ ಬಿಳಿ ಚೂರುಗಳು. ದನ ತಿನ್ನುತ್ತವೆ, ಮಣ್ಣು ತಿನ್ನುವುದಿಲ್ಲ. ಒಮ್ಮೆ ನರಗುಂದದಲ್ಲಿ ಪರಿಚಯದ ಪಶು ವೈದ್ಯರೊಬ್ಬರ ಔಷಧಿ ಅಂಗಡಿಗೆ ಹೋಗಿದ್ದೆ. ನೌಕರಿಯಿಂದ ನಿವೃತ್ತರಾದ ಮೇಲೆ ಅವರು ಇಟ್ಟುಕೊಂಡ ಅಂಗಡಿ ಅದು. ಹಿತ್ತಲಲ್ಲಿ ಥರ್ಮಾಕೋಲ್ ಪೆಟ್ಟಿಗೆಗಳ ಗುಡ್ಡೆಗೆ ಬೆಂಕಿ ಹಚ್ಚಿ ನಿಂತಿದ್ದರು. ಕುರಿ, ದನಗಳ ಲಸಿಕೆ ತಂಪು ಕೆಡದ ಹಾಗೆ ಆ ಪೆಟ್ಟಿಗೆಗಳಲ್ಲಿ ಬರುತ್ತದೆಯಂತೆ, ಲಸಿಕೆ ಮುಗಿದ ಮೇಲೆ ಪೆಟ್ಟಿಗೆಯನ್ನು ಏನು ಮಾಡಬೇಕೋ ಯಾರಿಗೂ ಗೊತ್ತಿಲ್ಲವಂತೆ. ಆ ಕರಿ ಹೊಗೆ ಕಣ್ಣಿಗೆ ಹೊಕ್ಕ ದಿನವೇ ನನ್ನ ಸಂಶೋಧನೆಯ ವಿಷಯ ನಿಶ್ಚಯವಾಯಿತು.

ಗದಗಿನ ಒಂದು ಕಾಲೇಜಿನಲ್ಲಿ ನಾನು ಉತ್ಪನ್ನ ವಿನ್ಯಾಸ ಕಲಿಸುತ್ತೇನೆ. ಒಂದು ವಸ್ತು ಎಲ್ಲಿ ಹುಟ್ಟುತ್ತದೆ, ಯಾರ್ಯಾರ ಕೈ ದಾಟುತ್ತದೆ, ಕೊನೆಗೆ ಎಲ್ಲಿ ಹೋಗಿ ಬೀಳುತ್ತದೆ ಎಂದು ಬೆನ್ನು ಹತ್ತಿ ನೋಡುವುದು ನನ್ನ ಕೆಲಸ. ಇದಕ್ಕೂ ಸಂಬಳ ಕೊಡುತ್ತಾರೆ ಎಂಬುದು ಅಪ್ಪನಿಗೆ ಇನ್ನೂ ನಂಬಿಕೆಯಾಗಿಲ್ಲ. ಅಪ್ಪನದು ರೋಣದ ಪೇಟೆಯಲ್ಲಿ ಕಡಲೆ, ಹತ್ತಿಯ ಅಡತಿ ಅಂಗಡಿ. ನಾನು ಮದುವೆಯಾಗಿಲ್ಲ, ಇರುವುದು ಅಪ್ಪನ ಮನೆಯಲ್ಲೇ. ಕಾರಿನ ಡಿಕ್ಕಿಯಲ್ಲಿ ಕುರಿ ಉಣ್ಣೆಯ ಚೀಲ ತುಂಬಿಕೊಂಡು ಬಂದ ದಿನ, ಮಂದಿ ಬದುವಿಗೆ ಬಿಸಾಕುವುದನ್ನು ನೀನು ಮನೆಗೆ ತರುತ್ತೀಯಲ್ಲ, ಮಗಳನ್ನು ಓದಿಸಿದ್ದು ಸಾರ್ಥಕವಾಯಿತು ಎಂದು ಅಪ್ಪ ಬಾಗಿಲಲ್ಲೇ ನಿಂತು ನಕ್ಕಿದ್ದರು.

ಬಿಸಾಕುವುದು ಸುಳ್ಳಲ್ಲ. ನಮ್ಮ ಕಡೆಯ ಕುರಿಯ ಉಣ್ಣೆ ಕರಿ, ಒರಟು. ಕಂಬಳಿ ಬಿಟ್ಟು ಬೇರೆ ಯಾವುದಕ್ಕೂ ಅದು ಆಗುವುದಿಲ್ಲ, ಕಂಬಳಿಯನ್ನೋ ಈಗ ಯಾರೂ ಹೊದೆಯುವುದಿಲ್ಲ. ಎಲ್ಲರಿಗೂ ಮಿಲ್ಲಿನ ಮೆತ್ತನೆಯ ಹೊದಿಕೆ ಬೇಕು. ಬಿಸಿಲಿಗೆ ಕುರಿಯ ಮೈ ಬೇಯುತ್ತದೆಂದು ಉಣ್ಣೆ ಕತ್ತರಿಸಲೇಬೇಕು, ಕತ್ತರಿಸಿ ಅಲ್ಲೇ ಬಿಟ್ಟು ಹಿಂಡು ಮುಂದೆ ಹೋಗುತ್ತದೆ. ಆದರೆ ಆ ಒರಟು ಕೂದಲಿನ ನಡುನಡುವೆ ಗಾಳಿ ಸಿಕ್ಕಿಕೊಂಡು ನಿಲ್ಲುತ್ತದೆ. ಗಾಳಿ ನಿಂತಲ್ಲಿ ಬಿಸಿಯೂ ದಾಟುವುದಿಲ್ಲ, ತಂಪೂ ದಾಟುವುದಿಲ್ಲ. ಚಳಿಗೆ ಆಗುವ ಕಂಬಳಿ ಬಿಸಿಲಿಗೂ ಆಗಬೇಕು. ನಾನು ಮಾಡಿದ್ದು ಇಷ್ಟೇ: ದಪ್ಪ ರಟ್ಟಿನ ಪೆಟ್ಟಿಗೆ, ಒಳಗೆ ಸುತ್ತಲೂ ಉಣ್ಣೆಯ ದಪ್ಪ ಹಾಸು, ಹಾಸಿಗೊಂದು ಬಟ್ಟೆಯ ಗವಸು. ಅಂಟಿಲ್ಲ, ಮೊಳೆಯಿಲ್ಲ. ಹಳತಾದರೆ ತಿಪ್ಪೆಗೆ ಹಾಕಿದರೆ ಗೊಬ್ಬರ.

ವರದಿಯಲ್ಲಿ ಇದನ್ನೇ ಹಸಿರು ಪೂರೈಕೆ ಸರಪಳಿ ಎಂದು ದೊಡ್ಡದಾಗಿ ಬರೆದಿದ್ದೆ. ಹೊಳೆಆಲೂರಿನ ಹತ್ತಿರ ಮಲಪ್ರಭೆಯಲ್ಲಿ ಕುರಿಗಳನ್ನು ಇಳಿಸಿ ಮೈ ತೊಳೆಯುತ್ತಾರೆ, ಆಮೇಲೆ ಉಣ್ಣೆ ಕತ್ತರಿಸುತ್ತಾರೆ. ಅದು ರೋಣಕ್ಕೆ ಬಂದು, ಹಿಂಜಿ, ನೂತು, ಹಾಸಾಗುತ್ತದೆ. ಅದರೊಳಗೆ ಲಸಿಕೆ ಕುಳಿತು ಮತ್ತೆ ಕುರಿಹಟ್ಟಿಗೇ ಹೋಗುತ್ತದೆ. ಕುರಿಯಿಂದ ಹೊರಟು ಕುರಿಗೇ ಬಂದು ಮುಟ್ಟುತ್ತದೆ. ಇದಕ್ಕಿಂತ ಚೆಂದದ್ದು ಇನ್ನೇನಿದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಹಾಸು ನೇಯುತ್ತಿದ್ದವಳು ರೋಣದ ಒಬ್ಬ ಹೆಣ್ಣುಮಗಳು. ನನಗಿಂತ ದೊಡ್ಡವಳೆಂದು ಅಕ್ಕ ಎನ್ನುತ್ತೇನೆ, ಇಲ್ಲಿಯೂ ಹಾಗೇ ಕರೆಯುತ್ತೇನೆ. ಕಂಬಳಿಗೆ ಗಿರಾಕಿ ಇಲ್ಲವಾದ ಮೇಲೆ ಗಂಡ ಪೇಟೆಯಲ್ಲಿ ಹಮಾಲಿಗೆ ಹೋಗತೊಡಗಿದ, ಅಕ್ಕ ಮಾತ್ರ ಮಗ್ಗ ಬಿಡಲಿಲ್ಲ. ಬಾಯಿ ಜೋರು. ಎಲ್ಲರೂ ಮದುವೆಗೆ ಪೆಟ್ಟಿಗೆ ಕಟ್ಟಿದರೆ ನೀವು ಕುರಿಗೆ ಪೆಟ್ಟಿಗೆ ಕಟ್ಟುತ್ತ ಕೂತಿರಲ್ಲ ಎಂದು ನನ್ನನ್ನು ಕಾಡುತ್ತಿದ್ದಳು. ಒಂದೇ ಮಾತು ಬಂದರೆ ಆಕೆಯ ದನಿ ಮೆತ್ತಗಾಗುತ್ತಿತ್ತು, ಅದು ತವರಿನ ಮಾತು. ಅಪ್ಪ ಅವ್ವ ಹೋಗಿ ಬಹಳ ವರ್ಷವಾಗಿತ್ತು. ಉಳಿದವನು ಒಬ್ಬ ಅಣ್ಣ, ಅವನ ಕುರಿಹಿಂಡು. ಆಕೆಯನ್ನು ಸಾಕಿ ಮದುವೆ ಮಾಡಿಕೊಟ್ಟವನು ಅವನೇ. ಅವನಿಗೆ ನಿಂತ ಮನೆಯೆಂಬುದಿಲ್ಲ, ಬೆಳೆ ತೆಗೆದ ಹೊಲಗಳಲ್ಲಿ ಬಲೆ ಕಟ್ಟಿ ಕುರಿ ಕೂಡುತ್ತಾನೆ. ಆ ಹಟ್ಟಿ ಎಲ್ಲಿ ಬೀಳುತ್ತದೋ ಅಲ್ಲೇ ಅಕ್ಕನ ತವರು. ನಾಗರ ಪಂಚಮಿಗೆ ಅವನು ಎಲ್ಲಿದ್ದರೂ ನಡೆದು ಬಂದು ತಂಗಿಯನ್ನು ಕರೆದುಕೊಂಡು ಹೋಗುತ್ತಿದ್ದ.

ಇಲ್ಲಿ ಗಂಜಿಯ ವಿಷಯ ಹೇಳಬೇಕು. ನೇಯ್ದ ಕಂಬಳಿಗೆ ಹುಣಸೆಬೀಜ ಅರೆದು ಕುದಿಸಿದ ಗಂಜಿ ಹಚ್ಚಿ ಒಣಗಿಸುತ್ತಾರೆ. ಗಂಜಿ ಕುಡಿದ ಕಂಬಳಿ ಬಿರುಸಾಗುತ್ತದೆ, ಮಳೆಗೆ ತಡೆಯುತ್ತದೆ, ಬಾಳಿಕೆ ಬರುತ್ತದೆ. ಕುರಿಗಾರನಿಗೆ ಅದು ಬೇಕೇ ಬೇಕು. ನನ್ನ ಪೆಟ್ಟಿಗೆಗೆ ಮಾತ್ರ ಅದು ವಿಷ. ಎಳೆಗಳ ನಡುವೆ ಗಾಳಿ ನಿಲ್ಲುವ ಜಾಗವನ್ನೆಲ್ಲ ಗಂಜಿ ಮುಚ್ಚಿಬಿಡುತ್ತದೆ, ಮಂಜುಗಡ್ಡೆಯ ಪಸೆ ತಾಗಿದರೆ ನೆನೆದು ಲೋಳೆಯಾಗುತ್ತದೆ. ಇದನ್ನು ಅಕ್ಕನಿಗೆ ಮೊದಲ ದಿನವೇ ಬಿಡಿಸಿ ಹೇಳಿದ್ದೆ, ಪ್ರತಿ ಸಲವೂ ಹೇಳುತ್ತಿದ್ದೆ. ಗಂಜಿ ಕಾಣದ ಹಸಿ ನೇಯ್ಗೆಗೆ ಕೋರಾ ಎನ್ನುತ್ತಾರೆ. ಕೋರಾ ಇರಬೇಕು, ತಿಳಿಯಿತು, ಎಷ್ಟು ಸಲ ಹೇಳುತ್ತೀರಿ ಎಂದು ಅಕ್ಕ ರೇಗುತ್ತಿದ್ದಳು. ಕಾಲೇಜಿನ ಪರೀಕ್ಷೆಗಳಿಗೆ ಆಕೆ ಕೊಟ್ಟ ಹಾಸುಗಳೆಲ್ಲ ಕೋರಾನೇ ಇದ್ದವು. ಬಿಸಿಲಲ್ಲಿ ಇಡೀ ಮಧ್ಯಾಹ್ನ ಇಟ್ಟರೂ ಒಳಗಿನ ತಂಪು ಅಲುಗಿರಲಿಲ್ಲ.

ಇನ್ನು ರಸ್ತೆಯ ಪರೀಕ್ಷೆಯೊಂದು ಉಳಿದಿತ್ತು. ನರಗುಂದದಿಂದ ರೋಣದ ಮೇಲೆ ಗಜೇಂದ್ರಗಡದ ಗುಡ್ಡದ ಬುಡದವರೆಗೆ, ನಡು ಬೇಸಗೆಯಲ್ಲಿ, ಲಸಿಕೆಯ ಬದಲು ನೀರು ತುಂಬಿದ ಶೀಶೆಗಳನ್ನಿಟ್ಟು ಒಯ್ಯುವುದು. ಆಗ ಅಕ್ಕನ ಅಣ್ಣನ ಹಟ್ಟಿ ಅಲ್ಲೇ ಬಿದ್ದಿತ್ತು. ಗುರುತಿನವರಿದ್ದರೆ ಕೆಲಸ ಸಲೀಸು ಎಂದು ಅಲ್ಲಿಗೇ ಮುಟ್ಟಿಸುವುದೆಂದು ಗೊತ್ತುಮಾಡಿದೆ. ಅಕ್ಕ ತಾನೂ ಬರುತ್ತೇನೆಂದಳು. ಆ ದಿನ ಬೆಳಿಗ್ಗೆ ಹೊಸ ಹಾಸನ್ನು ಗವಸಿನೊಳಗೆ ಹೊಲಿದುಕೊಂಡು, ಇಳಕಲ್ ಸೀರೆ ಉಟ್ಟು, ತಲೆಗೆ ಹೂ ಮುಡಿದು ಕಾರಿನಲ್ಲಿ ಕುಳಿತಳು. ಲಗ್ನಕ್ಕೆ ಹೊರಟಿದ್ದೀಯೇನು ಎಂದು ನಾನೇ ತಮಾಷೆ ಮಾಡಿದೆ.

ನರಗುಂದದ ಅಂಗಡಿಯಲ್ಲಿ ಪೆಟ್ಟಿಗೆ ಕಟ್ಟುವಾಗ ಹಾಸು ತುಸು ಬಿರುಸೆನಿಸಿತು. ಈ ಸಲ ಒತ್ತಾಗಿ ನೇಯ್ದಿದ್ದಾಳೆ ಎಂದುಕೊಂಡೆ. ಮಂಜುಗಡ್ಡೆಯ ಚೀಲಗಳನ್ನು ಸುತ್ತ ಇಟ್ಟು, ಉಷ್ಣಮಾಪಕದ ತಂತಿಯನ್ನು ಒಳಗೆ ಬಿಟ್ಟು, ಅದರ ಪುಟ್ಟ ಪರದೆಯನ್ನು ಮುಚ್ಚಳದ ಹೊರಗೆ ಅಂಟಿಸಿದೆ. ಲಸಿಕೆಗೆ ಎಂಟು ಡಿಗ್ರಿ ಕಟ್ಟಕಡೆಯ ಗೆರೆ. ಅದು ದಾಟಿದರೆ ಅದರೊಳಗಿನ ಜೀವ ಉಳಿದಿದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಆ ಯಂತ್ರ ದಾರಿಯಲ್ಲಿ ಏರಿದ ಅತಿ ಹೆಚ್ಚಿನ ಅಂಕಿಯನ್ನು ನೆನಪಿಟ್ಟುಕೊಳ್ಳುತ್ತದೆ.

ಅಷ್ಟರಲ್ಲಿ ವೈದ್ಯರ ಫೋನು ಹೊಡೆದುಕೊಂಡಿತು. ಗಜೇಂದ್ರಗಡದ ಕಡೆಯ ಹಟ್ಟಿಗಳನ್ನು ನೋಡಿಕೊಳ್ಳುವ ಪಶು ವೈದ್ಯೆಯ ಕರೆ. ಇವರು ಕೇಳುತ್ತ ಕೇಳುತ್ತ ಕುರ್ಚಿಯಿಂದ ಎದ್ದು ನಿಂತರು. ಗುಡ್ಡದ ಬುಡದ ಒಂದು ಹಿಂಡಿಗೆ ರೋಗ ಹೊಕ್ಕಿತ್ತು. ಬಾಯಲ್ಲಿ ಹುಣ್ಣು, ಮೂಗಲ್ಲಿ ಸೋರಿಕೆ, ಭೇದಿ. ಕುರಿಗಳು ಬೀಳತೊಡಗಿದ್ದವು. ಸುತ್ತಲಿನ ಹಿಂಡುಗಳಿಗೆ ಇವತ್ತೇ ಲಸಿಕೆ ಹಾಕಬೇಕು, ಆಕೆಯ ಹತ್ತಿರ ಇದ್ದದ್ದು ಮುಗಿದಿದೆ. ಒಂದು ಹಿಂಡಿಗೆ ಸಾಲುವಷ್ಟು ಲಸಿಕೆ ಇವರ ಫ್ರಿಜ್ಜಿನಲ್ಲಿತ್ತು. ಒಯ್ಯಲು ಪೆಟ್ಟಿಗೆ ಇರಲಿಲ್ಲ, ಬಂದ ಥರ್ಮಾಕೋಲ್ ಪೆಟ್ಟಿಗೆಗಳನ್ನೆಲ್ಲ ಸುಟ್ಟಾಗಿತ್ತು. ಉಳಿದಿದ್ದ ಎರಡರಲ್ಲಿ ಒಂದು ಬೇರೆ ಊರಿಗೆ ಹೋಗಿತ್ತು, ಇನ್ನೊಂದರ ಮುಚ್ಚಳವನ್ನು ಇಲಿ ಕಡಿದಿತ್ತು. ವೈದ್ಯರು ನನ್ನ ಪೆಟ್ಟಿಗೆಯ ಕಡೆ ನೋಡಿದರು.

ಆಗುವುದಿಲ್ಲ ಎಂದೆ. ಇದು ಇನ್ನೂ ಒಂದು ಸಲವೂ ರಸ್ತೆ ಕಂಡಿಲ್ಲ, ನೀರಿನ ಶೀಶೆ ಇಟ್ಟು ನೋಡಲೆಂದು ಬಂದದ್ದು, ಖರೆಯ ಲಸಿಕೆ ಇಡುವ ಧೈರ್ಯ ನನಗಿಲ್ಲ ಎಂದೆ. ಕಾಲೇಜಿನಲ್ಲಿ ಏನು ಕಂಡಿತು ಎಂದು ಅವರು ಕೇಳಿದರು. ಚೆನ್ನಾಗಿಯೇ ಇತ್ತು ಎಂದೆ.

“ಮತ್ತ? ಹಾಳಿ ಮ್ಯಾಲೆ ಚಲೋ, ಖರೇ ಕೆಲಸಕ್ಕ ಬ್ಯಾಡ ಅಂದ್ರ ಹ್ಯಾಂಗ್ರಿ?” ಎಂದರು.

ನನಗೆ ಅದು ಚುಚ್ಚಿತು. ಅಷ್ಟರಲ್ಲಿ ಅಕ್ಕ ಒಂದೇ ಪ್ರಶ್ನೆ ಕೇಳಿದಳು, ಲಸಿಕೆ ಯಾವ ಹಿಂಡಿಗೆ ಎಂದು. ವೈದ್ಯರು ಫೋನಿನಲ್ಲೇ ಕೇಳಿ ಹೇಳಿದರು. ರೋಗ ಹೊಕ್ಕ ಹೊಲಕ್ಕೆ ಎರಡೇ ಬದು ಆಚೆ ಬಿದ್ದ ಹಟ್ಟಿ. ಆಕೆಯ ಅಣ್ಣನದೇ. ಅಕ್ಕ ಪೆಟ್ಟಿಗೆಯ ಮುಚ್ಚಳ ತೆಗೆದಳು. ನೀರಿನ ಶೀಶೆಗಳನ್ನು ತಾನೇ ಒಂದೊಂದಾಗಿ ತೆಗೆದು ಕೆಳಗಿಟ್ಟಳು. ವೈದ್ಯರು ಲಸಿಕೆಯ ಶೀಶೆಗಳನ್ನು ತಂದು ಆ ಜಾಗದಲ್ಲಿ ಕೂರಿಸಿದರು. ಆಗ ಪರದೆಯ ಮೇಲೆ ನಾಲ್ಕು ಇತ್ತು.

ನನ್ನ ಕಾರು ಹಳೆಯದು. ಅದರ ತಂಪುಯಂತ್ರ ಬೇಸಗೆಯಲ್ಲೇ ಕೈಕೊಡುತ್ತದೆ, ಮಳೆಗಾಲದಲ್ಲಿ ಭರ್ಜರಿ ಕೆಲಸ ಮಾಡುತ್ತದೆ. ಕಿಟಕಿ ತೆಗೆದರೆ ಒಲೆಯ ಮುಂದೆ ಕುಳಿತ ಹಾಗೆ ಗಾಳಿ. ಎರಡೂ ಕಡೆ ಬೆಳೆ ತೆಗೆದ ಎರೆಹೊಲ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಅಕ್ಕ ಪೆಟ್ಟಿಗೆಯನ್ನು ಹಿಂದಿನ ಸೀಟಿನ ಮೇಲಿಡಲು ಒಪ್ಪದೆ ತೊಡೆಯ ಮೇಲೆ ಇಟ್ಟುಕೊಂಡಳು. ಮೊದಮೊದಲು ಮಾತಾಡಿದಳು. ಅಣ್ಣ ಕುರಿಗಳನ್ನು ಈಗಾಗಲೇ ಬೇರೆ ಮಾಡಿರುತ್ತಾನೆ, ಅವನಿಗೆ ಎಲ್ಲ ತಿಳಿಯುತ್ತದೆ, ಅವನು ಗಾಬರಿಯಾಗುವವನಲ್ಲ ಎಂದು ನನಗಲ್ಲ, ತನಗೇ ಹೇಳಿಕೊಳ್ಳುತ್ತಿದ್ದಳು.

ಬೆಳವಣಕಿ ದಾಟುವಾಗ ಪರದೆಯ ಕಡೆ ನೋಡಿದೆ. ಏಳು. ನನಗೆ ನಂಬಿಕೆಯಾಗಲಿಲ್ಲ. ಕಾಲೇಜಿನ ಲೆಕ್ಕದಲ್ಲಿ ರೋಣ ಮುಟ್ಟಿದಾಗಲೂ ಐದು ಇರಬೇಕಿತ್ತು. ತಂತಿ ಸರಿದಿರಬೇಕು ಎಂದುಕೊಂಡೆ, ಅಥವಾ ಮುಚ್ಚಳ ಸರಿಯಾಗಿ ಕೂತಿಲ್ಲ. ಗಾಡಿ ನಿಲ್ಲಿಸಿ ಮುಚ್ಚಳ ತೆಗೆದು ನೋಡಿದರೆ ಇದ್ದ ತಂಪೂ ಹೋಗುತ್ತದೆ. ನೋಡದೆ ಓಡಿಸಿದರೆ ಏನಾಗುತ್ತಿದೆಯೆಂದು ಗೊತ್ತಾಗುವುದಿಲ್ಲ. ನಾನು ಕಾಲನ್ನು ಇನ್ನಷ್ಟು ಒತ್ತಿದೆ. ಮುಂದೆ ಎಮ್ಮೆಗಳು ರಸ್ತೆಗೆ ಅಡ್ಡ ನಿಂತಿದ್ದವು. ಹಾರನ್ ಹೊಡೆದರೆ ಎಮ್ಮೆ ಹೆದರುತ್ತದೆಯೇ? ಅವು ನಿಧಾನಕ್ಕೆ ದಾಟುವವರೆಗೆ ನಾನು ಹಲ್ಲು ಕಡಿಯುತ್ತ ಕುಳಿತೆ. ಅವು ದಾಟುವಷ್ಟರಲ್ಲಿ ಎಂಟು ಬಂತು.

ಆಗ ಕಾರಿನೊಳಗೆ ಒಂದು ವಾಸನೆ ಹರಡಿತು. ಹುಳಿ ಹಿಡಿದ ಅಂಬಲಿಯ ಹಾಗೆ, ಬೇಯಿಸಿದ ಹಿಟ್ಟಿನ ಹಾಗೆ. ಹೊರಗೆ ಏನೋ ಕೊಳೆತಿರಬೇಕೆಂದು ಕಿಟಕಿ ಏರಿಸಿದೆ. ವಾಸನೆ ಜಾಸ್ತಿಯಾಯಿತು. ಅಕ್ಕ ಬಗ್ಗಿ ಪೆಟ್ಟಿಗೆಗೆ ಮೂಗು ಹಚ್ಚಿದಳು. ನೆಟ್ಟಗೆ ಕುಳಿತು ಮುಂದಿನ ರಸ್ತೆ ನೋಡತೊಡಗಿದಳು.

“ನಾನ ಗಂಜಿ ಹಚ್ಚೀನ್ರಿ ಇದಕ್ಕ” ಎಂದಳು.

ನಾನು ಏನು ಕೂಗಾಡಿದೆ ಎಂಬುದು ಪೂರ್ತಿ ನೆನಪಿಲ್ಲ. ಕೂಗಾಡಿದ್ದು ನೆನಪಿದೆ. ಸಾವಿರ ಸಲ ಹೇಳಿದ್ದೆನಲ್ಲ, ತಿಳಿಯಿತು ಎಂದಿದ್ದೆಯಲ್ಲ, ನಿನಗೆ ತಲೆ ಇದೆಯೋ ಇಲ್ಲವೋ ಎಂದೆಲ್ಲ. ವರ್ಷಗಟ್ಟಲೆ ಮಾಡಿದ ಕೆಲಸ ಕಣ್ಣ ಮುಂದೆ ಬಟ್ಟಲು ಗಂಜಿಯಲ್ಲಿ ಮುಳುಗುತ್ತಿದೆ ಎನಿಸಿತು. ಆಕೆ ಪೂರ್ತಿ ಕೇಳಿಸಿಕೊಂಡಳು.

“ತವರಿಗೆ ಹೋಗೂದನ್ನ ಕೋರಾ ಹ್ಯಾಂಗ ಕಳಸ್ಲಿ ಹೇಳ್ರಿ?” ಎಂದಳು. “ಕೋರಾ ಒಯ್ಯೂದು ಮಣ್ಣಿಗೆ ಹೋಗೂ ದಿನಾ ಅಷ್ಟ.”

ಆಮೇಲೆ ತುಂಡು ತುಂಡಾಗಿ ತಿಳಿಯಿತು. ಅವರ ಮನೆತನದಲ್ಲಿ ಮಗಳ ಕೈಯ ನೇಯ್ಗೆ ತವರಿಗೆ ಹೋದರೆ ಪೂರ್ತಿಯಾದದ್ದೇ ಹೋಗಬೇಕು: ಅಂಚು ಕಟ್ಟಿ, ಗಂಜಿ ಉಣಿಸಿ, ಒಣಗಿಸಿದ್ದು. ಗಂಜಿ ಕಾಣದ ಹಸಿ ನೇಯ್ಗೆಯನ್ನು ಹೆಣ್ಣುಮಗಳು ತವರಿಗೆ ಒಯ್ಯುವುದು ಅಲ್ಲಿ ಯಾರಾದರೂ ಸತ್ತಾಗ, ಹೆಣಕ್ಕೆ ಹೊದಿಸಲು. ಕಾಲೇಜಿಗೆ ಕೊಟ್ಟ ಹಾಸುಗಳು ಕಾಲೇಜಿಗೆ ಹೋದವು, ಅವು ಹೇಗಿದ್ದರೂ ನಡೆಯುತ್ತಿತ್ತು. ಇದು ಹೊರಟದ್ದು ಅಣ್ಣನ ಹಟ್ಟಿಗೆ. ನೀರಿನ ಶೀಶೆ ತಾನೇ, ಏನಾದೀತು ಎಂದು ಹಿಂದಿನ ದಿನ ಗಂಜಿ ಕುದಿಸಿದ್ದಳು. ರೋಗದ ಸುದ್ದಿ ಬಂದಾಗ ಆಕೆಗೆ ಗಂಜಿಯ ನೆನಪೇ ಇರಲಿಲ್ಲವಂತೆ. ಅಣ್ಣನ ಕುರಿಗಳಷ್ಟೇ ಕಣ್ಣ ಮುಂದೆ ಇದ್ದವಂತೆ.

ನನ್ನ ಸಿಟ್ಟು ಇಳಿಯಲಿಲ್ಲ. ಇದನ್ನು ಕೇಳಿ ನನ್ನ ಮನಸ್ಸು ಕರಗಿತು ಎಂದರೆ ಸುಳ್ಳಾಗುತ್ತದೆ. ನಾನು ಹುಟ್ಟಿದ ಮನೆಯಲ್ಲೇ ಇರುವವಳು. ನನ್ನನ್ನು ಯಾರೂ ಎಲ್ಲಿಂದಲೂ ಕರೆಯಲು ಬರಬೇಕಿಲ್ಲ, ನಾನು ಯಾರ ಮನೆಗೂ ಏನನ್ನೂ ಚೆಂದ ಮಾಡಿ ಒಯ್ಯಬೇಕಿಲ್ಲ. ತವರು ಎಂಬ ಮಾತಿನ ಭಾರ ನನ್ನ ಕೈ ಎಂದೂ ಹೊತ್ತದ್ದಲ್ಲ. ಆ ಹೊತ್ತಿನಲ್ಲಿ ನನಗೆ ಕಂಡದ್ದು ಪರದೆಯ ಮೇಲಿನ ಅಂಕಿ ಮಾತ್ರ, ಅದು ಒಂಬತ್ತಾಗಿತ್ತು.

ಮನೆಗೆ ತಿರುಗಿಸಿರಿ ಎಂದಳು ಅಕ್ಕ. ರೋಣದಲ್ಲಿ ಆಕೆಯ ಮನೆಯ ಮುಂದೆ ನಿಲ್ಲಿಸಿದಾಗ ಹತ್ತು ಆಗಿತ್ತು. ಆಕೆ ಒಳಗೆ ಓಡಿ ಹಿಂಜಿಟ್ಟ ಉಣ್ಣೆಯ ಚೀಲ ಎಳೆದು ತಂದಳು, ನಾನು ಮೂಲೆಯ ಸೋಡಾ ಅಂಗಡಿಯಿಂದ ಮಂಜುಗಡ್ಡೆ ತಂದೆ. ಲಸಿಕೆಯನ್ನು ಮಂಜುಗಡ್ಡೆಯ ಚೀಲಗಳ ನಡುವೆ ಬಿಗಿಯಾಗಿ ಸುತ್ತಿಟ್ಟು ಹಾಸನ್ನು ಹೊರಗೆಳೆದೆವು. ನೆನೆದು ಲೋಳೆಗಟ್ಟಿ ಕೈಗೆ ಅಂಟುತ್ತಿತ್ತು. ಹಿಂಜಿದ ಉಣ್ಣೆಯನ್ನು ಹಾಗೇ ಹಿಡಿಹಿಡಿಯಾಗಿ ಪೆಟ್ಟಿಗೆಯ ಸುತ್ತ ಒತ್ತಿದೆವು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೈಗಳು ಮಾತ್ರ ಒಂದಕ್ಕೊಂದು ತಾಗುತ್ತಿದ್ದವು. ಆಕೆಯ ಗಂಡ ಪೇಟೆಯಲ್ಲಿದ್ದ.

ಊರು ದಾಟುತ್ತಲೇ ಅಂಕಿ ಇಳಿಯತೊಡಗಿತು. ಎಂಟು, ಏಳು, ಆಮೇಲೆ ಐದಕ್ಕೆ ಬಂದು ನಿಂತಿತು. ನೇಯ್ಗೆಯೇ ಇಲ್ಲದ ಉಣ್ಣೆ, ಉರಿಬಿಸಿಲಲ್ಲಿ, ನನ್ನ ಹಳೆ ಕಾರಿನಲ್ಲಿ ತನ್ನ ಕೆಲಸ ತಾನು ಮಾಡುತ್ತಿತ್ತು. ಬೇರೆ ದಿನವಾಗಿದ್ದರೆ ಗಾಡಿ ನಿಲ್ಲಿಸಿ ಕುಣಿದುಬಿಡುತ್ತಿದ್ದೆ. ಆ ದಿನ ನನ್ನ ತಲೆಯಲ್ಲಿ ಒಂದೇ ವಿಚಾರ ತಿರುಗುತ್ತಿತ್ತು. ಪರದೆಯ ಕೆಳಗೆ ಒಂದು ಸಣ್ಣ ಗುಂಡಿ ಇದೆ. ಒತ್ತಿದರೆ ಯಂತ್ರ ಹಿಂದಿನದೆಲ್ಲ ಮರೆಯುತ್ತದೆ. ಹತ್ತು ಅಳಿಸಿಹೋಗುತ್ತದೆ, ಐದು ಉಳಿಯುತ್ತದೆ. ಲಸಿಕೆ ಕೆಟ್ಟಿದೆ ಎಂದು ಯಾರು ಹೇಳಿದರು? ಕೆಡದೆಯೂ ಇರಬಹುದು. ಎಂಟು ದಾಟಿ ಒಂದು ತಾಸೂ ಆಗಿರಲಿಕ್ಕಿಲ್ಲ. ಇದು ತಿರುಗಿ ಹೋದರೆ ಆ ಕುರಿಗಳಿಗೆ ಇವತ್ತು ಬೇರೆ ಗತಿಯೇ ಇಲ್ಲ. ಹೀಗೆಲ್ಲ ನನಗೆ ನಾನೇ ವಕಾಲತ್ತು ಮಾಡಿಕೊಂಡೆ. ಒಂದು ಕೈ ಸ್ಟೇರಿಂಗಿನ ಮೇಲಿತ್ತು, ಇನ್ನೊಂದು ಕೈ ಅಕ್ಕನ ತೊಡೆಯ ಮೇಲಿದ್ದ ಪೆಟ್ಟಿಗೆಯ ಕಡೆ ಹೋಯಿತು.

ಅದನ್ನು ಒತ್ತಿದರೆ ಏನಾಗುತ್ತದೆ ಎಂದು ಅಕ್ಕ ಕೇಳಿದಳು. ಹೇಳಿದೆ. ಆಕೆ ಪರದೆಯನ್ನು ಅಂಗೈಯಲ್ಲಿ ಮುಚ್ಚಿದಳು.

“ಯಂತ್ರ ಮರೀತದ್ರಿ. ರೋಗ ಮರೀತದೇನು?”

ನಾನು ಕೈ ತೆಗೆದೆ. ಆ ಕುರಿಗಳು ಬದುಕುವುದು ನನಗಿಂತ ನೂರು ಪಾಲು ಹೆಚ್ಚು ಬೇಕಾಗಿದ್ದುದು ಆಕೆಗೆ. ನನಗೆ ನಾಚಿಕೆಯಾಯಿತು, ಆ ನಾಚಿಕೆಗೆ ಇನ್ನಷ್ಟು ಸಿಟ್ಟು ಬಂತು. ಗಜೇಂದ್ರಗಡದ ಗುಡ್ಡ ಕಾಣುವವರೆಗೆ ಅಕ್ಕ ಆ ಅಂಗೈ ತೆಗೆಯಲಿಲ್ಲ. ಗುಡ್ಡದ ಮೇಲಿನ ಗಾಳಿಯಂತ್ರಗಳು ಒಂದೂ ತಿರುಗುತ್ತಿರಲಿಲ್ಲ.

ಅಣ್ಣ ಬಲೆಯ ಹೊರಗೆ ನಿಂತಿದ್ದ. ಎತ್ತರದ ಆಳು, ಬಿಳಿ ಮೀಸೆ, ತಲೆಗೆ ಸುತ್ತಿದ ಕೆಂಪು ರುಮಾಲು. ಅಕ್ಕ ಹೇಳಿದ ಹಾಗೆಯೇ ಕುರಿಗಳನ್ನು ಒತ್ತಟ್ಟಿಗೆ ಕೂಡಿ, ಆಚೆ ಹೊಲದ ಕಡೆ ಒಂದೂ ಹೋಗದಂತೆ ನಾಯಿಗಳನ್ನು ನಿಲ್ಲಿಸಿದ್ದ. ಆ ಆಚೆ ಹೊಲದಿಂದ ಕುರಿಗಳ ಕೆಮ್ಮು ಕೇಳುತ್ತಿತ್ತು. ವೈದ್ಯೆ ಸ್ಕೂಟರಿನ ಮೇಲೆ ಬಂದು ಸೂಜಿಗಳನ್ನು ಸಾಲಾಗಿ ಇಟ್ಟುಕೊಂಡು ಕಾಯುತ್ತಿದ್ದಳು. ಚಿಕ್ಕ ವಯಸ್ಸು, ಬಿಸಿಲಿಗೆ ಮುಖ ಕೆಂಪಾಗಿತ್ತು. ಪೆಟ್ಟಿಗೆ ಇಳಿಸಿದ ಕೂಡಲೇ ಪರದೆ ನೋಡಿದಳು. ಐದು ಕಂಡು ಮುಖ ಅರಳಿತು. ದಾರಿಯಲ್ಲಿ ಎಷ್ಟಕ್ಕೆ ಹೋಗಿತ್ತು ಎಂದು ಕೇಳಿದಳು.

ಹತ್ತು ಎಂದೆ. ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನೂ ಹೇಳಿದೆ.

ಆಕೆ ಶೀಶೆಯೊಂದನ್ನು ಬೆಳಕಿಗೆ ಹಿಡಿದು ನೋಡಿದಳು, ಅದರಿಂದ ಏನೂ ತಿಳಿಯುವುದಿಲ್ಲ ಎಂದು ಆಕೆಗೂ ಗೊತ್ತಿತ್ತು. ಪೆಟ್ಟಿಗೆಯ ಪಕ್ಕ ಕುಕ್ಕರಗಾಲಲ್ಲಿ ಕುಳಿತಳು. ಇದರಲ್ಲಿ ಜೀವ ಇರಬಹುದು, ಇಲ್ಲದೆಯೂ ಇರಬಹುದು. ಇಲ್ಲದ್ದನ್ನು ಚುಚ್ಚಿದರೆ ಹಟ್ಟಿಯವರು ತಮ್ಮ ಕುರಿ ಗಟ್ಟಿಯೆಂದು ನಂಬಿ ಎಲ್ಲರ ಕುರಿಗಳ ಜೊತೆ ಬಿಡುತ್ತಾರೆ, ಅದು ಚುಚ್ಚದೆ ಇರುವುದಕ್ಕಿಂತ ಕೆಟ್ಟದ್ದು ಎಂದಳು. ಗದಗಿನಿಂದ ಬೇರೆ ಲಸಿಕೆ ತರಿಸಲು ಅಲ್ಲೇ ಫೋನು ಮಾಡಿದಳು, ನಾಳೆ ಬೆಳಿಗ್ಗೆ ಬರುತ್ತದೆ ಎಂಬ ಉತ್ತರ ಬಂತು. ಅಲ್ಲಿಯವರೆಗೆ ಹಿಂಡನ್ನು ಇಲ್ಲಿಂದ ಹೊಡೆದುಕೊಂಡು ದೂರ ಹೋಗಿ, ಯಾವ ಹಿಂಡಿನ ನೀರಿಗೂ ಬಿಡಬೇಡಿ ಎಂದು ಅಣ್ಣನಿಗೆ ಹೇಳಿದಳು. ಸೂಜಿಗಳನ್ನು ತಿರುಗಿ ಚೀಲಕ್ಕೆ ತುಂಬುವಾಗ ಆಕೆಯ ಕಣ್ಣಲ್ಲಿ ನೀರಿತ್ತು.

ಅಣ್ಣ ಕುರಿಗಳ ಕಡೆ ನೋಡುತ್ತ ನಿಂತಿದ್ದ. ಪೆಟ್ಟಿಗೆ ಹೇಗೆ ಕೆಟ್ಟಿತು ಎಂದು ನನ್ನನ್ನು ಕೇಳಿದ. ನಾನು ಬಿಸಿಲು ಭಾಳ ಇತ್ತು ಎಂದು ಶುರುಮಾಡಿದ್ದೆ.

“ನಾ ಗಂಜಿ ಹಚ್ಚಿದ್ದೆ ಅಣ್ಣಾ” ಎಂದಳು ಅಕ್ಕ. “ನಿನ್ನ ಹಟ್ಟಿಗೆ ಬರೂದಿತ್ತು ಅಂತ.”

ಅವನು ಕಾರಿನ ಹತ್ತಿರ ಹೋಗಿ, ಅಕ್ಕ ಕುಳಿತಿದ್ದ ಸೀಟಿನ ಬುಡದಲ್ಲಿ ಬಿದ್ದಿದ್ದ ಒದ್ದೆ ಹಾಸನ್ನು ಎತ್ತಿಕೊಂಡ. ಗವಸಿನ ಹೊಲಿಗೆ ಬಿಚ್ಚಿ ನೋಡಿದ. ಗವಸಿನೊಳಗೆ ಯಾರಿಗೂ ಕಾಣದ ಆ ಹಾಸಿನ ಸುತ್ತ ಅಕ್ಕ ಬಿಳಿ ಉಣ್ಣೆಯ ಅಂಚು ಕಟ್ಟಿದ್ದಳು. ನಾನೂ ಅದನ್ನು ಮೊದಲ ಸಲ ನೋಡಿದ್ದು ಆಗಲೇ. ಅವನು ಅಂಚನ್ನು ಎರಡು ಬೆರಳ ನಡುವೆ ತಿಕ್ಕಿದ. ಚೆನ್ನಾಗಿ ನೇಯ್ದಿದ್ದೀ ಎಂದ. ಆಕೆಯ ಮುಖ ಒಂದು ಕ್ಷಣ ಹಗುರಾಯಿತು.

“ಇನ್ನ ಮ್ಯಾಲೆ ಏನರ ಮಾಡಿ ಕಳಸೂದಿದ್ರ, ಇದು ತವರು ಅಂತ ತಿಳಕೋಬ್ಯಾಡವಾ” ಎಂದ.

ಸಿಟ್ಟಿನಲ್ಲಿ ಹೇಳಲಿಲ್ಲ. ಮೆತ್ತಗೆ, ಬುದ್ಧಿ ಹೇಳುವ ಹಾಗೆ ಹೇಳಿದ. ಔಷಧದ ಪೆಟ್ಟಿಗೆ ಬೇರೆ, ತವರಿನ ಕಂಬಳಿ ಬೇರೆ ಎಂದಷ್ಟೇ ಅವನ ಮನಸ್ಸಿನಲ್ಲಿದ್ದದ್ದು, ಇದರಲ್ಲಿ ನನಗೆ ಅನುಮಾನವೇ ಇಲ್ಲ. ಅಕ್ಕನಿಗೂ ಅದು ತಿಳಿದಿತ್ತು. ತಿಳಿದರೂ ಕಿವಿಗೆ ಬಿದ್ದ ಮಾತು ಬಿದ್ದದ್ದೇ. ಹೂಂ ಅಣ್ಣಾ ಎಂದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೊರಗಿನವರ ಮನೆಗೆ ಬಂದವಳ ಹಾಗೆ ಒಂದು ಹೆಜ್ಜೆ ಹಿಂದೆ ನಿಂತಳು. ಹಿಂಡಿನ ಜೊತೆ ಸ್ವಲ್ಪ ದೂರ ನಡೆದು ಬರುತ್ತೇನೆಂದಳು, ಬಿಸಿಲಿದೆ ಬೇಡ ಎಂದ. ಬಲೆ ಬಿಚ್ಚಿ ಕುರಿಗಳನ್ನು ಹೊಡೆದುಕೊಂಡು ಅವನು ಹೊರಟ ಧೂಳು ಇಳಿಯುವವರೆಗೆ ನಾವು ಅಲ್ಲೇ ನಿಂತಿದ್ದೆವು.

ಮರುದಿನ ಬೆಳಿಗ್ಗೆ ಗದಗಿನ ಲಸಿಕೆ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಬಂತು. ದಾರಿಬದಿಯಲ್ಲೇ ಚುಚ್ಚಿದರು. ಆಗಲೇ ರೋಗ ತಾಗಿದ್ದ ಕೆಲವು ಕುರಿ ಹೋದವು, ಹಿಂಡು ಉಳಿಯಿತು. ಪಂಚಮಿಗೆ ಅಣ್ಣ ಎಂದಿನಂತೆ ಬಂದು ಕರೆದ, ಅಕ್ಕ ಹೋಗಿ ಬಂದಳು. ಹಿಂದೆಲ್ಲ ಹೋಗಿ ಬಂದ ಮೇಲೆ ವಾರಗಟ್ಟಲೆ ಅಲ್ಲಿನ ಮಾತೇ ಆಡುತ್ತಿದ್ದಳು. ಈ ಸಲ ಹೇಗಿದ್ದಾರೆ ಎಂದು ಕೇಳಿದರೆ ಚೆನ್ನಾಗಿದ್ದಾರೆ ಎಂದು ಮಗ್ಗದ ಕಡೆ ತಿರುಗಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಪೆಟ್ಟಿಗೆ ಎರಡನೆಯ ಸಲ ರಸ್ತೆಗೆ ಇಳಿಯಿತು, ಮೂರನೆಯ ಸಲವೂ ಇಳಿಯಿತು. ಈ ಸಲ ಕೋರಾ ಹಾಸು, ನೀರಿನ ಶೀಶೆ. ಅಂಕಿ ಅಲುಗಲಿಲ್ಲ. ನರಗುಂದದ ವೈದ್ಯರು ಇನ್ನು ಹಟ್ಟಿಗಳಿಗೆ ಇದರಲ್ಲೇ ಕಳಿಸೋಣ ಎಂದು ಒಪ್ಪಿದರು. ಬೇಕಾದ ಹಾಸುಗಳ ವಿಷಯ ಮಾತಾಡಲು ನಾನು ಅಕ್ಕನ ಮನೆಗೆ ಹೋದೆ, ಮೊದಲು ಹೋಗುವುದು ಆಕೆಯ ಅಣ್ಣನ ಹಟ್ಟಿಗೇ ಎಂದು ಹಿಗ್ಗಿನಿಂದ ಹೇಳಿದೆ. ಆಕೆ ಮಗ್ಗದಲ್ಲಿದ್ದಳು. ಕೈ ನಿಲ್ಲಿಸಿದಳು.

“ಎಷ್ಟ ಬೇಕಂತೀರಿ ಅಷ್ಟ ಮಾಡಿ ಕೊಡ್ತೇನ್ರಿ, ಕೋರಾನ ಕೊಡ್ತೇನಿ. ನಮ್ಮಣ್ಣನ ಹಟ್ಟಿಗೆ ಹೋಗೂದೊಂದು ಬ್ಯಾರೆ ಯಾರ ಕೈಲೆ ಆದ್ರೂ ಮಾಡಸ್ರಿ.”

ಆಗಲಿ ಎಂದೆ. ನಮ್ಮ ಕಡೆ ಕಂಬಳಿಯ ಮಗ್ಗ ಬೇರೆ ಯಾರ ಮನೆಯಲ್ಲೂ ಉಳಿದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.